ಟ್ಯೂನಿಂಗ್ ಫೋರ್ಕ್: 128 ಹರ್ಟ್ಜ್ ಸಾಕಾ, 512 ಬೇಕಾ?

ಟ್ಯೂನಿಂಗ್ ಫೋರ್ಕ್ ಅಂದರೆ ರೋಗಿಯನ್ನು ಪರೀಕ್ಷಿಸಲು ಬಳಸುವ, ತಟ್ಟಿದರೆ ನಡುಗುವ ಕವಲಿನಂಥ ಲೋಹದ ಸಾಧನ; ಹರ್ಟ್ಜ್ ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂಬ ಲೆಕ್ಕ. ಕೊಳ್ಳುವಾಗ ಯಾವುದು? ನೀವು ಪರೀಕ್ಷೆ ಮಾಡುವುದು ಕಿವಿಯನ್ನೋ, ಕಾಲನ್ನೋ? ಆಯ್ಕೆ ನಿಂತಿರುವುದೇ ಇದರ ಮೇಲೆ.

ಕಿವಿಗಾದರೆ 512. ಎಂಟನೇ ಕಪಾಲ ನರಕ್ಕೆ, ಅಂದರೆ ಕೇಳುವಿಕೆಯ ನರಕ್ಕೆ, ಮಾಡುವ ರಿನ್ನೆ, ವೆಬರ್ ಎಂಬ ಶ್ರವಣ ಪರೀಕ್ಷೆಗಳಿಗೆ ಇದೇ ಸರಿ. ಕಿವಿಯ ಹಿಂದಿನ ಮೂಳೆಗೆ 128 ಇಟ್ಟರೆ ಅದರ ನಡುಕ ಚರ್ಮಕ್ಕೇ ಜಾಸ್ತಿ ಗೊತ್ತಾಗುತ್ತದೆ. ಆಗ "ಕೇಳಿಸ್ತಿದೆ" ಎಂದವರಿಗೆ ನಿಜವಾಗಿ ಕೇಳಿಸಿತೋ, ಬರೀ ನಡುಕ ತಿಳಿಯಿತೋ ಹೇಳುವುದು ಕಷ್ಟ.

ಕಾಲಿನಲ್ಲಿ ನಡುಕದ ಅರಿವು ನೋಡಲು 128. ನಡುಕ ನಿಧಾನ, ತುಂಬ ಹೊತ್ತು ಉಳಿಯುತ್ತದೆ. ಮೊದಲು ಎದೆಯ ಮೂಳೆಗೆ ಇಟ್ಟು ಆ ನಡುಕ ಹೇಗಿರುತ್ತದೆ ಅಂತ ತೋರಿಸಿ. ಆಮೇಲೆ ಕಣ್ಣು ಮುಚ್ಚಲು ಹೇಳಿ, ಕಾಲಿನ ಹೆಬ್ಬೆರಳಿನ ಗಂಟಿಗೆ ಫೋರ್ಕಿನ ಬುಡ ಒತ್ತಿ, "ನಡುಕ ನಿಂತಾಗ ಹೇಳಿ" ಎನ್ನಿ. ಸಕ್ಕರೆ ಕಾಯಿಲೆಯಲ್ಲಿ, ಬಿ12 ಕೊರತೆಯಲ್ಲಿ ಈ ಅರಿವು ಸಾಮಾನ್ಯವಾಗಿ ಪಾದದಿಂದಲೇ ಕುಂದಲು ಶುರುವಾಗುತ್ತದೆ. ರೋಗಿ ಗಮನಿಸದ ತೊಂದರೆಯೂ ಇಲ್ಲಿ ಸಿಕ್ಕಿಬೀಳಬಹುದು. ಅದಕ್ಕೇ ಒಂದನ್ನೇ ಕೊಳ್ಳುವುದಾದರೆ ನನ್ನ ಮತ 128ಕ್ಕೆ. ಕಿವಿಯ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಮಾತ್ರ 512 ಮೊದಲು.

256 ಎರಡಕ್ಕೂ ನಡೆಯುತ್ತದೆ, ಆದರೆ ಎರಡರಲ್ಲೂ ಅರ್ಧಂಬರ್ಧ.

ಯಾವುದನ್ನು ತಗೊಂಡರೂ ಮೇಜಿಗೆ ಬಡಿಯಬೇಡಿ. ಮೊಣಕೈಗೆ ಅಥವಾ ರಬ್ಬರಿಗೆ ಮೆಲ್ಲಗೆ ತಟ್ಟಿದರೆ ಸಾಕು.