ಆಗುಂಬೆ, ಕೊಡಚಾದ್ರಿ, ಶರಾವತಿ ಕಣಿವೆ: ವಿದ್ಯಾರ್ಥಿಗಳ ಕಾಡಿನ ಶಿಬಿರಕ್ಕೆ ಯಾವುದು ಸರಿ?

ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ಶಿಬಿರವನ್ನು ಮಳೆಕಾಡಿನಲ್ಲಿ ಮಾಡೋಣ ಎಂದು ಶಿವಮೊಗ್ಗದ ಯಾವುದೇ ಕಾಲೇಜಿನಲ್ಲಿ ಮಾತು ಎದ್ದರೆ ಮೂರು ಹೆಸರುಗಳು ಮುಂದೆ ಬರುತ್ತವೆ. ಒಂದು ಆಗುಂಬೆ, ಇನ್ನೊಂದು ಕೊಡಚಾದ್ರಿ, ಮೂರನೆಯದು ಸಾಗರ ತಾಲ್ಲೂಕಿನ ಶರಾವತಿ ಕಣಿವೆ. ಮೂರೂ ಕಡೆಗೆ ಪದವಿ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಹೋಗಿ ಬಂದಿದ್ದೇನೆ. ಚಾರಣವೂ ಆಗಬೇಕು, ಶ್ರಮದಾನವೂ ಆಗಬೇಕು ಎಂಬುದು ಪ್ರತಿ ಸಲದ ಆಸೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಾಡನ್ನು ಕಲಿಯಲು ಆಗುಂಬೆ, ಮೈ ಬೆವರಿಸಲು ಕೊಡಚಾದ್ರಿ, ಆದರೆ ಏಳು ದಿನದ ಶಿಬಿರ ಎಂದರೆ ಶರಾವತಿ ಕಣಿವೆಯೇ. ಅಲ್ಲಿನ ಕೆಲಸವನ್ನು ನಮಗೋಸ್ಕರ ಯಾರೂ ಹುಟ್ಟುಹಾಕಿದ್ದಲ್ಲ. ನಾವು ಹೋಗುವ ಮೊದಲೂ ಅದು ಇತ್ತು, ನಾವು ಬಸ್ ಹತ್ತಿದ ಮೇಲೂ ನಡೆಯುತ್ತಿದೆ.

ತಲುಪುವ ಅನುಕೂಲ ನೋಡಿದರೆ ಆಗುಂಬೆಗೆ ಸಾಟಿಯಿಲ್ಲ. ಮಂಡಗದ್ದೆ, ತೀರ್ಥಹಳ್ಳಿ ದಾಟಿದರೆ ಊರು ಬಂತು, ಬಸ್ಸಿಗೂ ಕೊರತೆಯಿಲ್ಲ. ಕೊಡಚಾದ್ರಿಗೆ ನಿಟ್ಟೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆಯಬೇಕು ಅಥವಾ ಜೀಪು ಹಿಡಿಯಬೇಕು. ಇಡೀ ತಂಡಕ್ಕೆ ಜೀಪು ಮಾಡಿದರೆ ಶಿಬಿರದ ಹಣದಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಶರಾವತಿ ಹಿನ್ನೀರಿನಾಚೆಯ ಊರುಗಳಿಗೆ ಹಿಂದೆ ಲಾಂಚಿಗಾಗಿ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಷ್ಟ ತಪ್ಪಿದೆ. ಮೊಬೈಲ್ ಸಂಪರ್ಕ ಮಾತ್ರ ಕಾಡಂಚಿನ ಊರುಗಳಲ್ಲಿ ಈಗಲೂ ಅಷ್ಟಕ್ಕಷ್ಟೆ. ಹೊರಡುವ ಮುನ್ನ ಪೋಷಕರಿಗೆ ಇದನ್ನು ತಿಳಿಸಿ, ಊರಿನ ಒಂದು ಸ್ಥಿರ ದೂರವಾಣಿಯ ಸಂಖ್ಯೆ ಕೊಟ್ಟಿರಬೇಕು.

ಕಾಡಿನ ವಿಚಾರಕ್ಕೆ ಬಂದರೆ ಆಗುಂಬೆಯ ಮುಂದೆ ಉಳಿದೆರಡೂ ಒಂದು ಹೆಜ್ಜೆ ಹಿಂದೆಯೇ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಾಗವದು. ಆಗಸ್ಟ್‌ನಲ್ಲಿ ಹೋದಾಗ ಕೊಡೆ ಹಿಡಿದು ಪ್ರಯೋಜನವಿಲ್ಲ ಎಂಬುದು ಮೊದಲ ದಿನವೇ ಎಲ್ಲರಿಗೂ ಗೊತ್ತಾಯಿತು. ಆ ಮಳೆಯಲ್ಲೇ ನಾವು ಕಂಡ ಒಂದು ದೃಶ್ಯವನ್ನು ವಿಜ್ಞಾನದ ತರಗತಿಯಲ್ಲಿ ಎಷ್ಟು ವರ್ಷ ಪಾಠ ಮಾಡಿದರೂ ತೋರಿಸಲಾಗುವುದಿಲ್ಲ. ಮಳೆನೀರು ನಿಂತ ಗುಂಡಿಯ ಮೇಲೆ ಬಾಗಿದ ಕೊಂಬೆಯಲ್ಲಿ ನಾಲ್ಕಾರು ಎಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಬಿಳಿ ನೊರೆಯ ಮುದ್ದೆ. ಅದು ಮಲಬಾರ್ ಹಾರುವ ಕಪ್ಪೆಯ ಗೂಡು. ಮೊಟ್ಟೆಯೊಡೆದ ಗೊದಮೊಟ್ಟೆಗಳು ನೊರೆ ಕರಗಿದಾಗ ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಗುಂಡಿಯನ್ನು ಯಾರಾದರೂ ಮುಚ್ಚಿದರೆ ಆ ಕುಟುಂಬದ ಕಥೆ ಮುಗಿಯಿತು ಎಂದು ಒಬ್ಬ ವಿದ್ಯಾರ್ಥಿನಿ ತಾನೇ ಯೋಚಿಸಿ ಹೇಳಿದಳು. ನನಗೆ ಅಷ್ಟು ಸಾಕಾಗಿತ್ತು.

ಆದರೆ ಶ್ರಮದಾನ? ಆಗುಂಬೆಯಲ್ಲಿ ಅದಕ್ಕೆ ಜಾಗ ಹುಡುಕುವುದೇ ಕಷ್ಟವಾಯಿತು. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಅಲ್ಲಿನ ಮಳೆಕಾಡು ಸಂಶೋಧನಾ ಕೇಂದ್ರವನ್ನು ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದರು. ಅದು ಸಂಶೋಧಕರ ಜಾಗ. ಇಡೀ ತರಗತಿ ನುಗ್ಗಿದರೆ ಅವರ ಕೆಲಸ ಕೆಡುತ್ತದೆ. ನಾವು ಘಾಟಿಯ ಮೇಲೆ ಸೂರ್ಯಾಸ್ತದ ಕಟ್ಟೆಯ ಸುತ್ತ ಕಸ ಹೆಕ್ಕಿದೆವು, ಕಾರು ನಿಲ್ಲಿಸಿ ಮಂಗಗಳಿಗೆ ಕುರುಕಲು ಎಸೆಯುವವರನ್ನು ಕೈಮುಗಿದು ತಡೆದೆವು. ಒಳ್ಳೆಯ ಕೆಲಸವೇ. ಆದರೆ ಅರ್ಧ ದಿನಕ್ಕೆ ಮುಗಿಯಿತು. ಉಳಿದ ದಿನಗಳ ವರದಿಯಲ್ಲಿ ‘ಸೇವೆ’ ಎಂದು ಬರೆಯಲು ನನಗೆ ಮನಸ್ಸು ಒಪ್ಪಲಿಲ್ಲ.

ಕೊಡಚಾದ್ರಿಯದು ಬೇರೆಯೇ ಲೆಕ್ಕ. ಹಿಡ್ಲುಮನೆ ಜಲಪಾತದ ಬದಿಯಿಂದ ಹತ್ತುವ ದಾರಿ ಎಳೆಯರ ಕಾಲಿಗೆ ಹೇಳಿ ಮಾಡಿಸಿದಂತಿದೆ: ಮೊದಲು ಹಳ್ಳ, ಆಮೇಲೆ ಒತ್ತಾದ ಕಾಡು, ಕೊನೆಗೆ ಗಾಳಿ ಬಡಿಯುವ ಹುಲ್ಲುಗಾವಲು. 1,343 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ ಸರ್ವಜ್ಞ ಪೀಠದ ಕಲ್ಲಿನ ಮಂಟಪ. ಬೆಟ್ಟ ಹತ್ತಲಾರೆ ಎಂದು ಅಳುಕಿದವರೂ ಮೇಲೆ ಬಂದು ನಿಂತಾಗ ಮುಖದಲ್ಲಿ ಬೇರೆಯೇ ಕಳೆ ಇತ್ತು. ಸಾಹಸ ಎಂದರೆ ಮೂರರಲ್ಲಿ ಇದೇ ಮೊದಲು.

ಕೆಲಸವೂ ಕಣ್ಣೆದುರೇ ಬಿದ್ದಿರುತ್ತದೆ, ಅದೇ ದುಃಖ. ನೀರಿನ ಬಾಟಲಿ ಹೆಕ್ಕುವುದು ಸುಲಭ. ಶ್ಯಾಂಪೂ, ಗುಟ್ಕಾದ ಸಣ್ಣ ಪೊಟ್ಟಣಗಳು ಮಾತ್ರ ಹುಲ್ಲಿನ ಬುಡಕ್ಕೆ ಸೇರಿ, ಮೇಲೆ ಮಣ್ಣು ಕೂತು, ಬೇರಿನ ಜೊತೆ ಹೆಣೆದುಕೊಂಡಿರುತ್ತವೆ. ಬೆರಳಿನಿಂದ ಬಿಡಿಸಿ ತೆಗೆಯಬೇಕು. ಮಕ್ಕಳು ಮಂಡಿಯೂರಿ ಕೂತು ತೆಗೆದರು, ಗೋಣಿಚೀಲಗಳನ್ನು ಹೊತ್ತು ಕೆಳಗಿಳಿಸಿದರು. ಅಂಥ ಕೆಲಸ ಮಾಡಿದವರು ಮುಂದೆ ಬೆಟ್ಟದಲ್ಲಿ ಒಂದು ಕಾಗದವನ್ನೂ ಬಿಸಾಡಲಾರರು ಎಂದು ನಂಬಿದ್ದೇನೆ. ಆದರೆ ಮುಂದಿನ ವಾರದ ಜನ ಮತ್ತೆ ಅಷ್ಟೇ ಕಸ ತರುತ್ತಾರೆ. ಕೆಳಗೇ ಚೀಲ ತಪಾಸಣೆ ಮಾಡದೆ ಮೇಲೆ ಹೆಕ್ಕುತ್ತಿದ್ದರೆ ಅದಕ್ಕೆ ಕೊನೆಯಿಲ್ಲ. ರಾಜ್ಯದ ಚಾರಣ ಪಥಗಳಿಗೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ನೋಂದಣಿ, ದಿನಕ್ಕಿಷ್ಟೇ ಜನ ಎಂಬ ಮಿತಿ 2024ರಲ್ಲಿ ಬಂದಿದೆ. ಇದು ಬೇಕಾಗಿದ್ದ ಕ್ರಮ. ತಂಡ ಒಯ್ಯುವವರು ವಲಯ ಅರಣ್ಯಾಧಿಕಾರಿಯ ಕಚೇರಿಗೂ ಒಮ್ಮೆ ಹೋಗಿ ಮಾತಾಡಿ ಬರುವುದು ಒಳ್ಳೆಯದು.

ಆರೋಗ್ಯದ ವಿಷಯದಲ್ಲಿ ಜಾಗಕ್ಕಿಂತ ಕಾಲ ಮುಖ್ಯ. ಮಳೆಗಾಲದಲ್ಲಿ ಇಂಬಳ, ರಕ್ತ ಹೀರುತ್ತದೆ, ತುರಿಸುತ್ತದೆ, ಅಷ್ಟೆ. ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ ಉದ್ದ ಕಾಲುಚೀಲ ಹಾಕಿದರೆ ಮುಕ್ಕಾಲು ಪಾಲು ದೂರ. ನಾನು ಹೆದರುವುದು ಬೇಸಿಗೆಯ ಉಣುಗಿಗೆ, ಅಂದರೆ ಉಣ್ಣೆಗೆ. ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಈ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಜೀವಗಳನ್ನು ತೆಗೆದದ್ದನ್ನು ನಾವು ಮರೆಯಬಾರದು. ಡಿಸೆಂಬರಿನಿಂದ ಮೇ ತನಕ ಮಲೆನಾಡಿನ ಯಾವ ಕಾಡಿಗೆ ಹೋಗುವುದಿದ್ದರೂ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ ಪಡೆದು, ತುಂಬುತೋಳಿನ ಬಟ್ಟೆ ಹಾಕಿಸಿ. ತರಗೆಲೆಯ ಮೇಲೆ ಕೂರಲು ಬಿಡಬೇಡಿ. ಮಂಗ ಸತ್ತ ಸುದ್ದಿ ಇರುವ ಕಡೆಗೆ ಶಿಬಿರವೇ ಬೇಡ. ಈ ಒಂದು ಕಾರಣಕ್ಕೇ ನಾನು ಜೂನ್ ತಿಂಗಳನ್ನು ಆರಿಸುವುದು.

ಜೂನ್ ಎಂದರೆ ಶರಾವತಿ ಕಣಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಊರುಗಳು ಮುಳುಗಿದ ಮೇಲೆ ಅಂಚಿಗೆ ಸರಿದು ಬದುಕು ಕಟ್ಟಿಕೊಂಡವರ ನಾಡದು. 2019ರಲ್ಲಿ ಸಿಂಗಳೀಕದ ಅಭಯಾರಣ್ಯವೂ ಆಯಿತು. ನಾವು ಉಳಿದದ್ದು ಒಂದು ಶಾಲೆಯಲ್ಲಿ. ಊರಿನ ಹೆಂಗಸರು ಅಪ್ಪೆಹುಳಿ, ಕೆಸುವಿನ ಸೊಪ್ಪಿನ ಕರಕಲಿ ಮಾಡಿ ಬಡಿಸಿದರು. ಹೆಣ್ಣುಮಕ್ಕಳಿಗೆ ಶೌಚಾಲಯ ಸಾಲದು ಎಂಬುದು ಇಲ್ಲಿನ ದೊಡ್ಡ ಕೊರತೆ. ಮೊದಲೇ ಹೋಗಿ ನೋಡಿ ನಾಲ್ಕೈದು ಮನೆಗಳಲ್ಲಿ ಏರ್ಪಾಟು ಮಾಡಿಕೊಳ್ಳಬೇಕು.

ಕೆಲಸ ಗ್ರಾಮ ಅರಣ್ಯ ಸಮಿತಿಯ ನರ್ಸರಿಯಲ್ಲಿ. ಇತ್ತೀಚೆಗೆ ಕಾಲೇಜುಗಳಲ್ಲಿ ಬೀಜದುಂಡೆ ಎಸೆಯುವುದು ಹಬ್ಬವಾಗಿದೆ. ಒಣನಾಡಿನ ಗಿಡಗಳಿಗೆ ಅದು ನಡೆದೀತು. ಮಳೆಕಾಡಿನ ರಾಮಪತ್ರೆ, ಸಾಲುಧೂಪ, ಹಲಸಿನ ಬೀಜಗಳು ಒಣಗಿದರೆ ಸಾಯುತ್ತವೆ. ಹಣ್ಣಾಗಿ ಬಿದ್ದ ಕೆಲವೇ ವಾರಗಳಲ್ಲಿ ಹಸಿ ಮಣ್ಣು ಸೇರಬೇಕು. ಹಾಗಾಗಿ ಬೆಳಗ್ಗೆ ಕಾನಿಗೆ ನಡೆದು ಬೀಜ ಹೆಕ್ಕಿ, ಮಧ್ಯಾಹ್ನ ಚೀಲಗಳಿಗೆ ಮಣ್ಣು ಗೊಬ್ಬರ ತುಂಬಿ, ಅಂದೇ ಬಿತ್ತಬೇಕು. ರಾಮಪತ್ರೆಯ ಬೀಜಕ್ಕೆ ಸುತ್ತಿದ ಕೆಂಪು ಪತ್ರೆಯನ್ನು ಉಗುರಿನಿಂದ ಬಿಡಿಸುವಾಗ ಕೆಲವದರಲ್ಲಿ ಆಗಲೇ ಬಿಳಿಯ ಮೊಳಕೆಯ ತುದಿ ಕಾಣುತ್ತಿತ್ತು. ಅದು ಮುರಿಯದಂತೆ ಮಣ್ಣಿಗಿಡಲು ಗಂಡುಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಹಳ್ಳ ದಾಟಿ, ಜಾರುವ ದಿಬ್ಬ ಹತ್ತಿ ಬೀಜಕ್ಕೆ ಹೋಗುವುದೇ ಚಾರಣ. ಅದಕ್ಕೆಂದು ಬೇರೆ ದಿನ ತೆಗೆದಿಡುವ ಅಗತ್ಯ ಬೀಳಲಿಲ್ಲ. ಒಂದು ದಿನ ಅರಣ್ಯ ರಕ್ಷಕರ ಜೊತೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಿ ರಾಮಪತ್ರೆಯ ಜಡ್ಡಿ, ಅಂದರೆ ಜೌಗುಕಾಡು, ನೋಡಿಬಂದೆವು. ಉಸಿರಾಡಲು ಕೆಸರಿನಿಂದ ಮಂಡಿ ಎತ್ತಿದ ಬೇರುಗಳನ್ನು ಕಂಡ ಮೇಲೆ ಮರುದಿನ ಚೀಲ ತುಂಬುವ ಕೈಗಳ ವೇಗವೇ ಬೇರೆಯಾಯಿತು.

ಆ ಊರಿನ ಬೆಟ್ಟದಲ್ಲಿ ತಾನೇ ಹಬ್ಬಿದ, ಹೊರನಾಡಿನ ಅಕೇಶಿಯಾ ಸಸಿಗಳನ್ನೂ ಕಿತ್ತೆವು. ಮಳೆ ಬಿದ್ದ ಮಣ್ಣಿನಲ್ಲಿ ಬುಡಸಮೇತ ಬರುತ್ತವೆ, ಕತ್ತಿ ಬೇಡ.

ಕೊನೆಯ ದಿನ ಸಮಿತಿಯ ಹಿರಿಯರೊಬ್ಬರು, “ಮೇಷ್ಟ್ರೇ, ಚೀಲ ತುಂಬಿಸಿದ್ದೀರಿ, ಸಂತೋಷ. ಫೆಬ್ರವರಿ, ಮಾರ್ಚ್‌ನಲ್ಲಿ ನೀರು ಹಾಕಲು ಕೈ ಬೇಕು. ಆಗ ಯಾರೂ ಬರುವುದಿಲ್ಲ” ಎಂದರು. ಸೇವಾ ಯೋಜನೆಯಲ್ಲಿ ವಿದ್ಯಾರ್ಥಿಯೊಬ್ಬ ಎರಡು ವರ್ಷಕ್ಕೆ 240 ಗಂಟೆ ದುಡಿಯಬೇಕು. ಆ ಗಂಟೆಗಳಲ್ಲಿ ಒಂದು ಪಾಲನ್ನು ಅವರ ಬೇಸಿಗೆಗೇ ಮೀಸಲಿಟ್ಟೆವು. ಕಾಡಿನೊಳಗೆ ಹೋಗದೆ, ನರ್ಸರಿಯ ಅಂಗಳದಲ್ಲೇ, ಡೇಪಾ ಹಚ್ಚಿಕೊಂಡು, ವಾರಾಂತ್ಯಕ್ಕೊಂದು ಸಣ್ಣ ತಂಡ.

ಒಂದೇ ದಿನ ಸಿಗುವವರು ಕೊಡಚಾದ್ರಿಗೆ ಗೋಣಿಚೀಲ ಹಿಡಿದು ಹೋಗಲಿ. ಜೀವಶಾಸ್ತ್ರದ ಹತ್ತು ಹನ್ನೆರಡು ಮಕ್ಕಳಿದ್ದರೆ ಮಳೆಯಲ್ಲೇ ಆಗುಂಬೆಗೆ ಕರೆದೊಯ್ಯಿರಿ, ಶ್ರಮದಾನದ ಹೆಸರು ಬೇಡ. ಏಳು ದಿನವೂ ತಂಡವೂ ಇದ್ದವರು ಮೇ ತಿಂಗಳಲ್ಲೇ ಸಾಗರದ ಕಡೆಯ ಒಂದು ಗ್ರಾಮ ಅರಣ್ಯ ಸಮಿತಿಯನ್ನು ಮಾತಾಡಿಸಿ, ಯಾವ ಬೀಜ ಯಾವಾಗ ಬೀಳುತ್ತದೆ ಎಂದು ಕೇಳಿ, ಅದಕ್ಕೆ ತಕ್ಕಂತೆ ದಿನಾಂಕ ಗೊತ್ತು ಮಾಡಿಕೊಳ್ಳಿ.