ಯೂಂಗ್ ದಾರಿಯೋ, ದಾಸಿಮಯ್ಯನ ದಾರಿಯೋ?

ಕಲಬುರಗಿಯ ಅಪ್ಪನ ಕೆರೆ ದಂಡೆ ಮೇಲೆ ಕೂತು ಗೆಳೆಯ ಕೇಳಿದ: "ನನ್ನೊಳಗಿನ ಹೆಣ್ಣನ್ನ ತಿಳ್ಕೋಬೇಕಂದ್ರ ಯಾರನ್ನ ಹಿಡೀಲಿ?"

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ (1875–1961) ಪ್ರಕಾರ ಗಂಡಸಿನೊಳಗೆ ಅನಿಮಾ ಎಂಬ ಹೆಣ್ಣು, ಹೆಂಗಸಿನೊಳಗೆ ಅನಿಮಸ್ ಎಂಬ ಗಂಡು. ಅನಿಮಾ ಸಾಮಾನ್ಯವಾಗಿ ಒಬ್ಬಳೇ. ಅನಿಮಸ್ ಮಾತ್ರ ಕಟ್ಟೆ ಮೇಲಿನ ಹಿರಿಯರ ಹಾಗೆ ಗುಂಪಾಗಿ ಬಂದು ತೀರ್ಪು ಕೊಡುತ್ತಾನೆ. ಸುಮ್ನೆ ಮುಖ ಊದಿಸಿಕೊಂಡು ಕೂತರೆ ಅನಿಮಾ ಕೆಲಸ, ಹಟ ಹಿಡಿದು ವಾದ ಮಾಡಿದರೆ ಅನಿಮಸ್ ಕೆಲಸವಂತೆ. ಇದನ್ನು ನಾನು ಪೂರ್ತಿ ಒಪ್ಪಲ್ಲ. ನಮ್ಮ ಮನೆಯಲ್ಲಿ ಮುನಿಸೂ ವಾದವೂ ಎಲ್ಲರಿಗೂ ಇವೆ! ಆದರೆ ಕನಸು ಬರೆದಿಡುವವರಿಗೆ ಈ ದಾರಿ ಚೆನ್ನಾಗಿ ಹೊಂದುತ್ತದೆ. ಗೆಳೆಯನ ಕನಸಲ್ಲಿ ಹಸಿರು ಸೀರೆಯವಳೊಬ್ಬಳು ಮೂರು ಸಲ ಬಾಗಿಲು ಬಡಿದಿದ್ದಾಳೆ. ಅಂಥವಳನ್ನು ಎಚ್ಚರದಲ್ಲೇ ನೆನೆದು ಮಾತಾಡಿಸುವುದು ಯೂಂಗ್ ಪದ್ಧತಿ.

ಪಕ್ಕದ ಯಾದಗಿರಿ ಜಿಲ್ಲೆಯ ಮುದನೂರಿನ ನೇಕಾರ, ವಚನಕಾರ ದಾಸಿಮಯ್ಯ ಹೀಗೆ ಹೆಸರಿಡುತ್ತಾ ಕೂರುವುದಿಲ್ಲ. ಗಂಡು, ಹೆಣ್ಣು ಎಲ್ಲ ಮೈ ನೋಡಿ ಹೇಳುವ ಮಾತು, ಒಳಗಿನ ಆತ್ಮ ಎರಡೂ ಅಲ್ಲ ಎಂದುಬಿಡುತ್ತಾನೆ. ವಿಂಗಡಣೆಯ ಗೋಜೇ ಬೇಡ ಅನ್ನುವವರಿಗೆ ಇದು.

ಗೆಳೆಯನಿಗೆ ಯೂಂಗನನ್ನೇ ಹಿಡಿ ಅಂದೆ. ಸೀರೆಯವಳು ಮತ್ತೆ ಬಂದರೆ ಮೊದಲು ಬಾಗಿಲು ತೆಗಿ ಅಂತಲೂ ಹೇಳಿದೆ.