ಗ್ಲೋಬಲ್ ಎಂಟ್ರಿ, ನೆಕ್ಸಸ್, ಪ್ರೀಚೆಕ್: ಯಾರಿಗೆ ಯಾವುದು ಸಿಗುತ್ತದೆ, ಯಾವುದು ಸಿಗದೇ ಹೋಗಬಹುದು

ಅಮೆರಿಕದಲ್ಲಿರುವ ನಮ್ಮವರು ಯಾರೇ ಸಿಕ್ಕಲಿ, ಪ್ರಯಾಣದ ಮಾತು ಬಂದರೆ ಸಾಕು, "ಗ್ಲೋಬಲ್ ಎಂಟ್ರಿ ಮಾಡಿಸಿದ್ರಾ? ಇಲ್ವಾ? ಮೊದಲು ಮಾಡಿಸಿಬಿಡಿ" ಅನ್ನುತ್ತಾರೆ. ಹೊರದೇಶದಿಂದ ಅಮೆರಿಕಕ್ಕೆ ಬಂದಿಳಿದಾಗ ಇಮಿಗ್ರೇಷನ್ ಸಾಲನ್ನು ಬೇಗ ದಾಟಿಸುವ ಸರ್ಕಾರಿ ಸದಸ್ಯತ್ವ ಅದು. ಒಳ್ಳೆಯ ಸಲಹೆಯೇ. ಆದರೆ ಎಲ್ಲರಿಗೂ ಹೊಂದುವುದಿಲ್ಲ. ನಾನು ವಿಮಾನ ಹತ್ತುವ ಮುಂಚಿನ ಭದ್ರತಾ ತಪಾಸಣೆ ಬೇಗ ಮುಗಿಸುವ ಪ್ರೀಚೆಕ್‌ನಿಂದ ಶುರು ಮಾಡಿದೆ. ಆಮೇಲೆ ಗ್ಲೋಬಲ್ ಎಂಟ್ರಿ ತೆಗೆದುಕೊಂಡೆ. ಸಿಯಾಟಲ್ ಕಡೆಗೆ ಬಂದ ಮೇಲೆ, ಕೆನಡಾ ಗಡಿಯನ್ನು ಬೇಗ ದಾಟಲು ನೆಕ್ಸಸ್ ಮಾಡಿಸಿದೆ. ನಮ್ಮ ಯಜಮಾನರು ಇವತ್ತಿಗೂ, ಅಮೆರಿಕಕ್ಕೆ ಬಂದಿಳಿದಾಗ ಪಾಸ್‌ಪೋರ್ಟಿನ ವಿವರವನ್ನು ಫೋನಿನಲ್ಲೇ ಕಳಿಸುವ, ಪುಕ್ಕಟೆ ಸಿಗುವ ಮೊಬೈಲ್ ಪಾಸ್‌ಪೋರ್ಟ್ ಕಂಟ್ರೋಲ್ ಆ್ಯಪ್ ಬಿಟ್ಟು ಬೇರೇನೂ ಮುಟ್ಟಿಲ್ಲ. ನನ್ನ ತಮ್ಮನಿಗೆ ಗ್ಲೋಬಲ್ ಎಂಟ್ರಿ ಸಿಗಲಿಲ್ಲ, ಅದೇ ತಮ್ಮನಿಗೆ ಪ್ರೀಚೆಕ್ ಸಿಕ್ಕಿತು. ಇಷ್ಟೆಲ್ಲ ಹತ್ತಿರದಿಂದ ನೋಡಿದವಳಾಗಿ ಹೇಳುತ್ತೇನೆ: ಯಾವ ಸಾಲು ಬೇಗ ಮುಂದೆ ಹೋಗುತ್ತದೆ ಅಂತ ಕೇಳುವ ಮೊದಲು, ಯಾವುದರಲ್ಲಿ ನಿಮ್ಮ ಬಗ್ಗೆ ಏನೇನು ಕೆದಕುತ್ತಾರೆ ಅಂತ ಕೇಳಿಕೊಳ್ಳಿ.

ಮೊದಲು ಅರ್ಹತೆ

ಹೆಚ್ಚಿನವರು ಎಡವುವುದು ಇಲ್ಲೇ. ಪ್ರೀಚೆಕ್‌ಗೆ ನೇರವಾಗಿ ಅರ್ಜಿ ಹಾಕಲು ಅಮೆರಿಕದ ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ನೆಕ್ಸಸ್ ಮುಖ್ಯವಾಗಿ ಅಮೆರಿಕ ಮತ್ತು ಕೆನಡಾದ ಪೌರರಿಗೆ, ಅಲ್ಲಿನ ಕಾಯಂ ನಿವಾಸಿಗಳಿಗೆ. ಮೊಬೈಲ್ ಪಾಸ್‌ಪೋರ್ಟ್ ಆ್ಯಪ್ ಕೂಡ ಎಚ್-1ಬಿ ಮೇಲಿರುವ ಭಾರತೀಯರಿಗೆ ಇಲ್ಲ. ಅಂದರೆ ಕೆಲಸದ ವೀಸಾದಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಈ ಗುಂಪಿನಲ್ಲಿ ಉಳಿಯುವುದು ಗ್ಲೋಬಲ್ ಎಂಟ್ರಿ ಒಂದೇ. ಭಾರತದ ಪೌರರಿಗೆ ಅದು 2017ರಿಂದ ತೆರೆದಿದೆ.

ಅದಕ್ಕೆ ಒಂದು ಹೆಚ್ಚಿನ ಹಂತ ಇದೆ. ಗ್ರೀನ್ ಕಾರ್ಡ್ ಇಲ್ಲದ ಭಾರತೀಯರು ಅಮೆರಿಕದ ಅರ್ಜಿಯ ಜೊತೆಗೆ ಪಾಸ್‌ಪೋರ್ಟ್ ಸೇವಾದಲ್ಲೂ ಅರ್ಜಿ ಹಾಕಿ ಹಿನ್ನೆಲೆ ಪರಿಶೀಲನೆ ಮಾಡಿಸಿಕೊಳ್ಳಬೇಕು. ಪಾಸ್‌ಪೋರ್ಟ್ ಮಾಡಿಸುವಾಗ ಪೊಲೀಸ್ ವೆರಿಫಿಕೇಷನ್ ಆಗುತ್ತದಲ್ಲ, ಅದೇ ರೀತಿ. ನೀವು ಅಮೆರಿಕದಲ್ಲಿ, ಠಾಣೆ ಊರಿನಲ್ಲಿ. ನನ್ನ ಗೆಳತಿಯೊಬ್ಬಳು ಈ ಹಂತದಲ್ಲೇ ತುಂಬ ದಿನ ಕಾದಳು. ಪಾಸ್‌ಪೋರ್ಟಿನಲ್ಲಿದ್ದ ಹಳೆಯ ಮನೆಯ ವಿಳಾಸದಲ್ಲಿ ಯಾರೂ ಇರಲಿಲ್ಲ. ಊರಿನಲ್ಲಿ ಯಾರಾದರೂ ಪೊಲೀಸರಿಗೆ ಸಿಗುವ ಹಾಗೆ ಮೊದಲೇ ಏರ್ಪಾಡು ಮಾಡಿಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಇರುವವರು ಆ ಲೆಕ್ಕದಲ್ಲೇ ಅರ್ಜಿ ಹಾಕುವುದರಿಂದ ಈ ಸುತ್ತು ಇರುವುದಿಲ್ಲ. ನನಗೆ ಇರಲಿಲ್ಲ.

ದುಡ್ಡು

ಗ್ಲೋಬಲ್ ಎಂಟ್ರಿ 5 ವರ್ಷಕ್ಕೆ 120 ಡಾಲರ್. ಮೊದಲು 100 ಇತ್ತು, 2024ರ ಅಕ್ಟೋಬರ್ 1ರಿಂದ ಏರಿತು. ನೆಕ್ಸಸ್ ಆವರೆಗೆ 50 ಡಾಲರಿಗೇ ಸಿಗುತ್ತಿತ್ತು. ಅದೇ ದಿನದಿಂದ ಅದೂ 120 ಆಯಿತು. ಪ್ರೀಚೆಕ್ 5 ವರ್ಷಕ್ಕೆ ಸುಮಾರು 80 ಡಾಲರ್, ಯಾವ ಕಂಪನಿಯ ಮೂಲಕ ಮಾಡಿಸುತ್ತೀರಿ ಅನ್ನೋದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ಗ್ಲೋಬಲ್ ಎಂಟ್ರಿಯೊಳಗೆ ಪ್ರೀಚೆಕ್ ಸೇರಿಯೇ ಬರುತ್ತದೆ. ನೆಕ್ಸಸ್‌ನಲ್ಲಿ ಎರಡೂ ಸೇರಿ ಬರುತ್ತವೆ. ವರ್ಷಕ್ಕೊಮ್ಮೆಯಾದರೂ ಹೊರದೇಶಕ್ಕೆ ಹೋಗಿ ಬರುವವರು ಬರೀ ಪ್ರೀಚೆಕ್‌ಗೆ ಬೇರೆಯಾಗಿ ದುಡ್ಡು ಕಟ್ಟುವುದರಲ್ಲಿ ಅರ್ಥ ಇಲ್ಲ. ಎಷ್ಟೋ ಕ್ರೆಡಿಟ್ ಕಾರ್ಡ್‌ಗಳು ಈ ಶುಲ್ಕವನ್ನು ವಾಪಸ್ ಕೊಡುತ್ತವೆ, ಕೈಯಿಂದ ಕೊಡುವ ಮುಂಚೆ ನಿಮ್ಮ ಕಾರ್ಡ್ ನೋಡಿಕೊಳ್ಳಿ. 18 ವರ್ಷದೊಳಗಿನ ಮಕ್ಕಳಿಗೆ, ಅಪ್ಪ ಅಥವಾ ಅಮ್ಮ ಸದಸ್ಯರಾಗಿದ್ದರೆ ಅಥವಾ ಜೊತೆಗೇ ಅರ್ಜಿ ಹಾಕಿದರೆ, ಗ್ಲೋಬಲ್ ಎಂಟ್ರಿ, ನೆಕ್ಸಸ್ ಎರಡಕ್ಕೂ ಶುಲ್ಕ ಇಲ್ಲ. ಆದರೆ ಕಂಕುಳಲ್ಲಿರುವ ಕೂಸಿಗೂ ಸ್ವಂತ ಸದಸ್ಯತ್ವ ಬೇಕು, ಅಮ್ಮನ ಹೆಸರಲ್ಲಿ ಒಳಗೆ ಬಿಡುವುದಿಲ್ಲ.

ಅರ್ಜಿ ತಿರಸ್ಕಾರವಾದರೂ ಕಟ್ಟಿದ ದುಡ್ಡು ವಾಪಸ್ ಬರಲ್ಲ. ಇದು ನೆನಪಿರಲಿ.

ಸಂದರ್ಶನ ಹೇಗಿರುತ್ತದೆ

ಪ್ರೀಚೆಕ್‌ನದು ಸಂದರ್ಶನ ಅನ್ನುವ ಹಾಗೇ ಇಲ್ಲ. ಬೆರಳಚ್ಚು, ಫೋಟೋ, ದಾಖಲೆ, ಮುಗೀತು. ಗ್ಲೋಬಲ್ ಎಂಟ್ರಿಯ ಅರ್ಜಿ ಬೇರೆ ಮಟ್ಟದ್ದು. ಹಿಂದಿನ 5 ವರ್ಷದಲ್ಲಿ ಎಲ್ಲೆಲ್ಲಿ ವಾಸವಿದ್ದಿರಿ, ಎಲ್ಲಿ ಕೆಲಸ ಮಾಡಿದಿರಿ, ಯಾವ ಯಾವ ದೇಶಕ್ಕೆ ಹೋದಿರಿ, ಎಲ್ಲ ತುಂಬಬೇಕು. ಸುಮ್ನೆ ಅಂದಾಜಿನ ಮೇಲೆ ತುಂಬಬೇಡಿ. ಪಾಸ್‌ಪೋರ್ಟಿನ ಮುದ್ರೆಗಳನ್ನು ಎದುರಿಗೆ ಇಟ್ಟುಕೊಂಡು ಕೂತರೆ ಒಂದು ಸಂಜೆಯ ಕೆಲಸ. ತಪ್ಪು ಅಥವಾ ಅರ್ಧಂಬರ್ಧ ಮಾಹಿತಿ ಕೊಟ್ಟರೆ ಅದೊಂದೇ ತಿರಸ್ಕಾರಕ್ಕೆ ಸಾಕು.

ಅರ್ಜಿ ಪರಿಶೀಲನೆ ಮುಗಿದ ಮೇಲೆ 'ಕಂಡಿಷನಲ್ ಅಪ್ರೂವಲ್', ಅಂದರೆ ಷರತ್ತಿನ ಒಪ್ಪಿಗೆ ಬರುತ್ತದೆ. ಆಮೇಲೆ ಸಂದರ್ಶನ. ಎಷ್ಟೋ ಜನ ಸಂದರ್ಶನ ನಡೆಸುವ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಅಂತ ತಿಂಗಳುಗಟ್ಟಲೆ ಕಾಯುತ್ತಾರೆ. ಅದರ ಅಗತ್ಯವೇ ಇಲ್ಲ. ಹೊರದೇಶದಿಂದ ಬಂದು ಇಳಿದಾಗ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಅಲ್ಲೇ ಸಂದರ್ಶನ ಮುಗಿಸಬಹುದು, ಅಪಾಯಿಂಟ್‌ಮೆಂಟ್ ಬೇಕಿಲ್ಲ. ನಾನು ಬೆಂಗಳೂರಿನಿಂದ ವಾಪಸ್ ಬಂದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಗೇ ಮುಗಿಸಿದೆ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಕೇಳಿದರು. ನಾಲ್ಕು ಬೆರಳು ಗಾಜಿನ ಮೇಲೆ ಇಡಿಸಿದರು, ಫೋಟೋ ತೆಗೆದರು. ಎಲ್ಲಿ ಕೆಲಸ, ಯಾಕೆ ಅರ್ಜಿ ಹಾಕಿದಿರಿ, ಯಾವತ್ತಾದರೂ ಬಂಧನವಾಗಿದೆಯಾ, ಕಸ್ಟಮ್ಸ್‌ನಲ್ಲಿ ದಂಡ ಕಟ್ಟಿದ್ದೀರಾ ಅಂತ ವಿಚಾರಿಸಿದರು. ಬ್ಯಾಗಿನಲ್ಲಿ ತಿನ್ನುವ ಪದಾರ್ಥ ಏನಿದೆ ಅಂತಲೂ ಕೇಳಿದರು. ಚಟ್ನಿಪುಡಿ, ಕೋಡುಬಳೆ, ಹುಣಸೆಹಣ್ಣು ಅಂತ ಒಂದೊಂದನ್ನೂ ಹೇಳಿದೆ. ಅಧಿಕಾರಿ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ನೆಕ್ಸಸ್‌ನಲ್ಲಿ ಇದೇ ಕೆಲಸ ಎರಡು ಸಲ. ಅಮೆರಿಕದವರೂ ಒಪ್ಪಬೇಕು, ಕೆನಡಾದವರೂ ಒಪ್ಪಬೇಕು. ಒಬ್ಬರು ಬೇಡ ಅಂದರೆ ಕಾರ್ಡ್ ಇಲ್ಲ. ಹಾಗಾಗಿ ಗ್ಲೋಬಲ್ ಎಂಟ್ರಿಗಿಂತ ನೆಕ್ಸಸ್ ಸೌಲಭ್ಯ ಜಾಸ್ತಿ, ನಿರಾಕರಣೆಯ ದಾರಿಯೂ ಜಾಸ್ತಿ. ಕೆನಡಾದಲ್ಲಿ ಯಾವಾಗಲಾದರೂ ಕಸ್ಟಮ್ಸ್ ತಕರಾರು ಆಗಿದ್ದರೆ ಮೊದಲು ಬರೀ ಗ್ಲೋಬಲ್ ಎಂಟ್ರಿಗೆ ಹಾಕುವುದು ಜಾಣತನ.

ಗಡಿಯಲ್ಲಿ

ವಿಮಾನ ನಿಲ್ದಾಣದಲ್ಲಿ ನನ್ನ ಮನಸ್ಸು ಗೆದ್ದದ್ದು ಗ್ಲೋಬಲ್ ಎಂಟ್ರಿಯೇ. ಯಂತ್ರದ ಮುಂದೆ ನಿಂತರೆ ಮುಖದ ಫೋಟೋ ತೆಗೆದುಕೊಳ್ಳುತ್ತದೆ, ಅಧಿಕಾರಿ ಹೆಸರು ಕರೆದು ಕಳಿಸುತ್ತಾರೆ. ಇಪ್ಪತ್ತು ಗಂಟೆ ಪ್ರಯಾಣ ಮಾಡಿ, ನಿದ್ದೆಗೆಟ್ಟ ಮಗುವನ್ನು ಎತ್ತಿಕೊಂಡು ಬಂದವರಿಗೆ ಇದರ ಬೆಲೆ ಗೊತ್ತು.

ಯಜಮಾನರ ಆ್ಯಪ್ ಕೂಡ ಕಡಿಮೆಯೇನಲ್ಲ. ಇದಕ್ಕೆ ಶುಲ್ಕ ಇಲ್ಲ, ಮುಂಚಿತ ಒಪ್ಪಿಗೆ ಬೇಕಿಲ್ಲ, ಸಂದರ್ಶನ ಇಲ್ಲ, ತಿರಸ್ಕಾರ ಅನ್ನುವ ಮಾತೇ ಇಲ್ಲ. ಪಾಸ್‌ಪೋರ್ಟಿನ ವಿವರ ತುಂಬಿ, ಫೋಟೋ ತೆಗೆದು ಕಳಿಸಿ, ಬೇರೆ ಸಾಲಿನಲ್ಲಿ ಹೋಗಿ ಅಧಿಕಾರಿಗೆ ಪಾಸ್‌ಪೋರ್ಟ್ ತೋರಿಸಬೇಕು. ಒಂದೇ ಫೋನಿನಲ್ಲಿ ಮನೆಯವರೆಲ್ಲರದೂ ಕಳಿಸಬಹುದು. ಒಂದೇ ವಿಮಾನದಲ್ಲಿ ಇಳಿದು, ಅವರು ಆ ಸಾಲಿಗೆ, ನಾನು ಈ ಸಾಲಿಗೆ ಹೋದಾಗ ಕೆಲವೊಮ್ಮೆ ಇಬ್ಬರೂ ಸೂಟ್‌ಕೇಸ್ ಬರುವ ಮೊದಲೇ ಬೆಲ್ಟ್ ಹತ್ತಿರ ಸೇರಿದ್ದೇವೆ. ಜನ ಜಾಸ್ತಿ ಇರುವ ದಿನ ಮಾತ್ರ ಅವರ ಸಾಲು ನಿಧಾನ. ಅಪರೂಪಕ್ಕೆ ಪ್ರಯಾಣ ಮಾಡುವ ಗ್ರೀನ್ ಕಾರ್ಡ್‌ನವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ರಸ್ತೆಯ ಗಡಿಗೆ ಬಂದರೆ ನೆಕ್ಸಸ್‌ಗೆ ಸಾಟಿ ಇಲ್ಲ. ಕೆನಡಾದ ವಾಂಕೂವರ್‌ಗೆ ಹೋಗುವಾಗ, ಬ್ಲೇನ್ ಊರಿನ ಪೀಸ್ ಆರ್ಚ್ ಗಡಿಯ ಹತ್ತಿರ ರಜಾದಿನದಲ್ಲಿ ಕಾರುಗಳು ಕಣ್ಣು ಹಾಯಿಸಿದಷ್ಟು ದೂರ ನಿಂತಿರುತ್ತವೆ. ನೆಕ್ಸಸ್ ಸಾಲು ಮಾತ್ರ ಸರಸರ ಸಾಗುತ್ತದೆ. ಕಾರ್ಡನ್ನು ಕವರಿನಿಂದ ತೆಗೆದು ಅದನ್ನು ಓದುವ ಆಂಟೆನಾ ಕಡೆಗೆ ಹಿಡಿದು, ಮುಂದೆ ಹೋಗಿ ಅಧಿಕಾರಿಯ ಜೊತೆ ಒಂದೆರಡು ಮಾತಾಡಿದರೆ ಆಯಿತು. ಭಾರತದ ಪಾಸ್‌ಪೋರ್ಟ್ ಇರುವ ನನ್ನಂಥವರು ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಎರಡನ್ನೂ ಜೊತೆಗೆ ಒಯ್ಯಲೇಬೇಕು.

ಇದರಲ್ಲಿ ಎರಡು ತೊಡಕು. ಕಾರಿನಲ್ಲಿರುವ ಪ್ರತಿಯೊಬ್ಬರೂ ಸದಸ್ಯರಾಗಿರಬೇಕು. ಊರಿಂದ ಅಮ್ಮ ಬಂದಿದ್ದಾಗ ನಾವು ಎಲ್ಲರ ಹಾಗೆ ಉದ್ದದ ಸಾಲಿನಲ್ಲೇ ನಿಂತೆವು. ಇನ್ನೊಂದು, ಇಲ್ಲಿ ಸಣ್ಣ ತಪ್ಪಿಗೂ ರಿಯಾಯಿತಿ ಇಲ್ಲ. ಮಕ್ಕಳ ಬ್ಯಾಗಿನಲ್ಲಿ ಮರೆತ ಒಂದು ಹಣ್ಣಿನಿಂದ ಕಾರ್ಡ್ ಹೋದವರಿದ್ದಾರೆ. ಗಡಿಗೆ ಮುಂಚೆ ಕಾರು ನಿಲ್ಲಿಸಿ ಬ್ಯಾಗ್ ನೋಡಿಯೇ ಹೊರಡುವುದು ನಮ್ಮ ರೂಢಿ.

ಗ್ಲೋಬಲ್ ಎಂಟ್ರಿಯ ಕಾರ್ಡ್ ಇದ್ದರೆ ಕೆನಡಾದಿಂದ ಅಮೆರಿಕದೊಳಕ್ಕೆ ಬರುವಾಗ ನೆಕ್ಸಸ್ ಸಾಲು ಬಳಸಬಹುದು. ಕೆನಡಾದೊಳಕ್ಕೆ ಹೋಗುವಾಗ ಅದು ನಡೆಯಲ್ಲ. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಅಷ್ಟೇ ಸಾಕು ಅಲ್ವಾ? ಮೆಕ್ಸಿಕೋ ಗಡಿಯ ಹತ್ತಿರ ಇರುವವರಿಗೆ ಸೆಂಟ್ರಿ ಅಂತ ಇನ್ನೊಂದಿದೆ. ನಾನು ಬಳಸಿಲ್ಲವಾದ್ದರಿಂದ ಇಲ್ಲಿ ತೂಗುವುದಿಲ್ಲ.

ಪ್ರೀಚೆಕ್ ಗಡಿಯ ಕೆಲಸಕ್ಕೆ ಬರುವುದೇ ಇಲ್ಲ. ಅದು ವಿಮಾನ ಹತ್ತುವ ಮುಂಚಿನ ಭದ್ರತಾ ತಪಾಸಣೆಗೆ. 2025ರ ಜುಲೈನಿಂದ ಎಲ್ಲರೂ ಶೂ ಹಾಕಿಕೊಂಡೇ ಹೋಗಬಹುದು ಅಂತ ಆದ ಮೇಲೆ ಅದರ ಆಕರ್ಷಣೆ ಸ್ವಲ್ಪ ತಗ್ಗಿದೆ. ಲ್ಯಾಪ್‌ಟಾಪ್ ಹೊರಗೆ ತೆಗೆಯಬೇಕಿಲ್ಲ, ಬೆಲ್ಟ್ ಬಿಚ್ಚಬೇಕಿಲ್ಲ ಅನ್ನುವುದು ಉಳಿದಿದೆ.

ತಮ್ಮನಿಗೆ ಯಾಕೆ ಸಿಗಲಿಲ್ಲ

ಇದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನು ಅಮೆರಿಕಕ್ಕೆ ಬಂದ ಹೊಸದರಲ್ಲಿ ಬ್ಯಾಗಿನಲ್ಲಿ ಹಸಿ ಕರಿಬೇವು, ಒಂದಿಷ್ಟು ಮಾವಿನಹಣ್ಣು ಇತ್ತು. ವಿಮಾನದಲ್ಲಿ ಕೊಡುತ್ತಿದ್ದ ನೀಲಿ ಫಾರಂನಲ್ಲಿ ಹಣ್ಣು, ಗಿಡ, ಸೊಪ್ಪು ಇದೆಯಾ ಅನ್ನೋ ಪ್ರಶ್ನೆಗೆ ಇಲ್ಲ ಅಂತ ಗುರುತು ಹಾಕಿದ್ದ. ಬ್ಯಾಗ್ ತೆಗೆಸಿದರು, ಸೊಪ್ಪು ಹಣ್ಣು ತೆಗೆದುಕೊಂಡರು, ದಂಡ ಹಾಕಿದರು. ಕಟ್ಟಿ ಬಂದ. ವರ್ಷಗಳ ಮೇಲೆ ಗ್ಲೋಬಲ್ ಎಂಟ್ರಿಗೆ ಹಾಕಿದಾಗ ಆ ದಂಡದ ವಿಷಯ ಮುಚ್ಚಿಡದೆ ಬರೆದ. ಸಂದರ್ಶನದಲ್ಲೂ ಹೇಳಿದ. ಕೆಲವು ದಿನಗಳ ಮೇಲೆ, ಅರ್ಜಿ ಹಾಕಿದ ಆನ್‌ಲೈನ್ ಖಾತೆಯಲ್ಲಿ ಪತ್ರ ಬಂತು: ಕಸ್ಟಮ್ಸ್, ವಲಸೆ ಅಥವಾ ಕೃಷಿ ನಿಯಮದ ಉಲ್ಲಂಘನೆ ಇರುವುದರಿಂದ ಅರ್ಹತೆ ಇಲ್ಲ.

"ಅಕ್ಕಾ, ಒಂದು ಹಿಡಿ ಕರಿಬೇವಿಗೆ ಇಷ್ಟು ದೊಡ್ಡ ಲೆಕ್ಕನಾ?" ಅಂದ. ನೋವು ನನಗೂ ಆಯಿತು. ಆದರೆ ಕಾರಣ ಚಿಕ್ಕದಲ್ಲ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬಕ್ಕೆ ಸೇರಿದ ಗಿಡ. ಕಿತ್ತಳೆ ಮರಗಳನ್ನು ಒಣಗಿಸಿ ಕೊಲ್ಲುವ ರೋಗವನ್ನು ಹರಡುವ ಪುಟ್ಟ ಕೀಟ ಅದರ ಎಲೆಯಲ್ಲಿ ಬರುತ್ತದೆ. ಆ ರೋಗ ಫ್ಲೋರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ಬೆಳೆಗಾರರು ನೆಲ ಕಚ್ಚಿದ್ದಾರೆ. ಹೊಲ ತೋಟ ನೋಡಿ ಬೆಳೆದ ನಮಗೆ ಇದು ಅರ್ಥವಾಗದ ಮಾತೇನಲ್ಲ.

ನೋಡಿ, ತಿನ್ನುವ ಪದಾರ್ಥ ಇದೆ ಅಂತ ಹೇಳಿಕೊಂಡರೆ, ನಿಷೇಧವಿದ್ದರೂ ಸಾಮಾನ್ಯವಾಗಿ ತೆಗೆದು ಬಿಸಾಡಿ ಕಳಿಸುತ್ತಾರೆ. ಹೇಳದೆ ಸಿಕ್ಕಿದರೆ ದಂಡ, ಜೊತೆಗೆ ಹೆಸರಿನ ಮೇಲೆ ದಾಖಲೆ. ಹಾಗಂತ ಹಳೆಯ ದಂಡ ಇರುವವರಿಗೆಲ್ಲ ಬಾಗಿಲು ಮುಚ್ಚಿದೆ ಅಂತಲ್ಲ. ತೀರ್ಮಾನ ಅವರ ವಿವೇಚನೆಗೆ ಬಿಟ್ಟದ್ದು, ಸಿಕ್ಕವರೂ ಇದ್ದಾರೆ. ಕುಡಿದು ಗಾಡಿ ಓಡಿಸಿದ ಕೇಸು, ನಡೆಯುತ್ತಿರುವ ಕ್ರಿಮಿನಲ್ ಕೇಸು ಇದ್ದರೂ ಇದೇ ಕಷ್ಟ.

ತಿರಸ್ಕಾರವಾದರೆ ಅದೇ ಖಾತೆಯಿಂದ ಮರುಪರಿಶೀಲನೆ ಕೇಳಬಹುದು. ಕೋರ್ಟಿನಲ್ಲಿ ಮುಗಿದ ಕೇಸು ಅಥವಾ ಬೇರೆ ಯಾರದೋ ದಾಖಲೆ ನಿಮ್ಮ ಹೆಸರಿಗೆ ಬಂದಿದ್ದರೆ ಖಂಡಿತ ಕೇಳಿ, ಕೋರ್ಟಿನ ಅಂತಿಮ ಆದೇಶದ ಪ್ರತಿ ಲಗತ್ತಿಸಿ. ತಮ್ಮನೂ ದಂಡ ಕಟ್ಟಿದ ರಸೀದಿ ಇಟ್ಟು ಬರೆದ. ಉತ್ತರ ಬದಲಾಗಲಿಲ್ಲ.

ಆಮೇಲೆ ಪ್ರೀಚೆಕ್‌ಗೆ ಹಾಕಿದ, ಸಲೀಸಾಗಿ ಸಿಕ್ಕಿತು. ಯಾಕೆಂದರೆ ಪ್ರೀಚೆಕ್‌ನವರು ನೋಡುವುದು ಬೇರೆ ಪಟ್ಟಿ. ಭಯೋತ್ಪಾದನೆ, ಕೊಲೆಯಂಥ ಅಪರಾಧಕ್ಕೆ ಶಾಶ್ವತ ನಿರಾಕರಣೆ. ಇನ್ನು ಕೆಲವು ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾಗಿ 7 ವರ್ಷವೂ ಕಳೆದಿರಬೇಕು, ಜೈಲಿನಿಂದ ಬಿಡುಗಡೆಯಾಗಿ 5 ವರ್ಷವೂ ಕಳೆದಿರಬೇಕು. ಕರಿಬೇವಿನ ದಂಡ ಅದರಲ್ಲಿ ಇಲ್ಲ. ಈಗ ಹೊರಡುವಾಗ ಪ್ರೀಚೆಕ್, ಬರುವಾಗ ಪುಕ್ಕಟೆ ಆ್ಯಪ್. ನನ್ನ ಸೌಲಭ್ಯದ ಮುಕ್ಕಾಲು ಪಾಲು ಅವನಿಗೂ ಸಿಕ್ಕಿದೆ. ತಿರಸ್ಕಾರವಾಯಿತು ಅಂತ ಕುಗ್ಗಿ ಕೂತವರಿಗೆ ನಾನು ಅವನ ಉದಾಹರಣೆಯನ್ನೇ ಕೊಡುತ್ತೇನೆ.

ಬೆಂಗಳೂರಿನ ತುದಿ

ಇಷ್ಟೆಲ್ಲ ಇದ್ದರೂ ಬೆಂಗಳೂರಿನಲ್ಲಿ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತಿರಲಿಲ್ಲ. ಅದಕ್ಕೆ ಭಾರತ ಸರ್ಕಾರದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆ ಬಂದಿದೆ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಯಿತು, 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಭಾರತದ ಪೌರರು ಮತ್ತು ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರು ಹಾಕಬಹುದು. ಶುಲ್ಕ ಇಲ್ಲ. ಆನ್‌ಲೈನ್ ಅರ್ಜಿ ಒಪ್ಪಿಗೆಯಾದ ಮೇಲೆ ಬೆರಳಚ್ಚು, ಮುಖದ ಫೋಟೋ ಕೊಟ್ಟರೆ ಇ-ಗೇಟ್ ತೆರೆಯುತ್ತದೆ. ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಹೋಗುವುದಷ್ಟೇ. ಅರ್ಜಿ ಹಾಕುವಾಗ ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಸದಸ್ಯತ್ವ 5 ವರ್ಷ, ಪಾಸ್‌ಪೋರ್ಟ್ ಅದಕ್ಕೂ ಮೊದಲೇ ಮುಗಿದರೆ ಅಲ್ಲಿಗೇ ಮುಕ್ತಾಯ. ಗ್ಲೋಬಲ್ ಎಂಟ್ರಿ ಇರುವವರೂ ಇದನ್ನು ಬೇರೆಯಾಗಿ ಮಾಡಿಸಬೇಕು, ಒಂದಕ್ಕೊಂದು ಸಂಬಂಧ ಇಲ್ಲ.

ಪಾಸ್‌ಪೋರ್ಟ್ ಹೊಸದಾದರೆ ಅಮೆರಿಕದ ಖಾತೆಯಲ್ಲೂ ತಕ್ಷಣ ಬದಲಾಯಿಸಿ. ನವೀಕರಣಕ್ಕೆ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಹಾಕಬಹುದು. ಮುಗಿಯುವುದರೊಳಗೆ ಹಾಕಿದ್ದರೆ, ಹೊಸ ಒಪ್ಪಿಗೆಗೆ ಕಾಯುವಾಗಲೂ ಹಳೆಯ ಸೌಲಭ್ಯ ನಡೆಯುತ್ತಿರುತ್ತದೆ.